ಹಾದಿ ಮುಚ್ಚುವ ಮುನ್ನ ಬದಲಿ ಹಾದಿ

ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರಕ್ಕೆ ಅಂಟಿಕೊಂಡಂತಿರುವ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿಯಲ್ಲಿ, 2017ರ ಸೆಪ್ಟೆಂಬರ್ ಮೊದಲ ವಾರ, ಒಂದು ಕಾಲುಹಾದಿಗೆ ಬೇಲಿ ಬಿತ್ತು. ಬೆಥೆಸ್ಡಾ ಮತ್ತು ಸಿಲ್ವರ್ ಸ್ಪ್ರಿಂಗ್ ಎಂಬ ಎರಡು ಊರುಗಳ ನಡುವೆ ಮರಗಳ ನೆರಳಿನಲ್ಲಿ ಸಾಗುತ್ತಿದ್ದ ಆ ಟ್ರೇಲನ್ನು ಪರ್ಪಲ್ ಲೈನ್ ಎಂಬ ಲಘು ರೈಲುಮಾರ್ಗದ ಕಾಮಗಾರಿಗಾಗಿ ಮುಚ್ಚಲಾಯಿತು. 2022ರಲ್ಲಿ ರೈಲು ಓಡುತ್ತದೆ, ಅದರ ಮಗ್ಗುಲಲ್ಲೇ ಹಳೆಯದಕ್ಕಿಂತ ಅಗಲವಾದ, ಡಾಂಬರು ಹಾಕಿದ ಹೊಸ ಹಾದಿ ಬರುತ್ತದೆ ಎಂಬುದು ಅಂದಿನ ಭರವಸೆ. ಆ ವರ್ಷ ಬಂದು ಹೋಯಿತು. ರೈಲಿನ ಗಡುವು 2027ರ ಕೊನೆಯ ತನಕ ಸರಿಯಿತು. ಹಾದಿ ಮುಚ್ಚಿದ ವರ್ಷ ಒಂದನೆಯ ತರಗತಿಗೆ ಸೇರಿದ ಮಗು ಹೈಸ್ಕೂಲು ತಲುಪಿದೆ. ಸೈಕಲ್ ಕಲಿಯುವ ವಯಸ್ಸಿನಲ್ಲಿ ಅದಕ್ಕೆ ಆ ಹಾದಿ ದಕ್ಕಲೇ ಇಲ್ಲ.

ಹಾದಿಗಳು ಒಮ್ಮೊಮ್ಮೆ ಮುಚ್ಚಲೇಬೇಕಾಗುತ್ತದೆ. ಸೇತುವೆ ಶಿಥಿಲವಾಗುತ್ತದೆ, ಪ್ರವಾಹ ತೊರೆಯ ದಂಡೆಯನ್ನು ಕೊಚ್ಚಿಕೊಂಡು ಹೋಗುತ್ತದೆ, ಒಳಚರಂಡಿಯ ಕೊಳವೆ ಒಡೆಯುತ್ತದೆ, ಹೊಸ ರೈಲು ಬರುತ್ತದೆ. ಇವು ಯಾವುದನ್ನೂ ಬೇಡವೆನ್ನಲಾಗದು. ಆದರೆ ಮುಚ್ಚಿದ ದಿನದಿಂದ ತೆರೆಯುವ ದಿನದ ತನಕ ಅಲ್ಲಿ ನಡೆಯುತ್ತಿದ್ದವರು, ಸೈಕಲ್ ತುಳಿಯುತ್ತಿದ್ದವರು ಎಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ಯಾರು ಉತ್ತರ ಕೊಡಬೇಕು? ಕಾರುಗಳು ಓಡುವ ರಸ್ತೆಯ ಒಂದು ಪಥವನ್ನು ಒಂದು ವಾರ ಮುಚ್ಚುವುದಾದರೆ ತಿಂಗಳಿಗೂ ಮೊದಲೇ ಸೂಚನಾಫಲಕಗಳು ಏಳುತ್ತವೆ. ಕಿತ್ತಳೆ ಬಣ್ಣದ ಕಂಬಗಳು, ತಾತ್ಕಾಲಿಕ ಸಿಗ್ನಲ್ಲುಗಳು, ಕೈಯಲ್ಲಿ ಬಾವುಟ ಹಿಡಿದ ಕೆಲಸಗಾರರು ಬರುತ್ತಾರೆ. ಎಷ್ಟು ನಿಮಿಷ ತಡವಾದೀತೆಂದು ಲೆಕ್ಕ ಹಾಕಿದ ವರದಿಯೂ ಇರುತ್ತದೆ. ಕಾಲುಹಾದಿ ಮುಚ್ಚುವಾಗ ಬಹಳ ಸಲ ಇರುವುದು ಒಂದೇ ಫಲಕ: ‘ಟ್ರೇಲ್ ಮುಚ್ಚಿದೆ’. ಅದನ್ನು ಓದಿದವರು ಬಂದ ದಾರಿಗೆ ಸುಂಕವಿಲ್ಲದಂತೆ ಹಿಂದಿರುಗಬೇಕು.

ಈ ವ್ಯತ್ಯಾಸದ ಬೇರು ಒಂದು ವರ್ಗೀಕರಣದಲ್ಲಿದೆ. ರಸ್ತೆ ಎಂದರೆ ಸಾರಿಗೆ, ಟ್ರೇಲ್ ಎಂದರೆ ವಿಹಾರ. ಮೊದಲನೆಯದು ಸಾರಿಗೆ ಇಲಾಖೆಯ ಕಡತದಲ್ಲಿರುತ್ತದೆ, ಎರಡನೆಯದು ಅನೇಕ ಕಡೆ ಉದ್ಯಾನ ಇಲಾಖೆಯ ಕಡತದಲ್ಲಿ. ವಿಹಾರವನ್ನು ನಾಳೆಗೆ ಮುಂದೂಡಬಹುದು. ಕೆಲಸಕ್ಕೆ ಹೋಗುವುದನ್ನು, ಮಗುವನ್ನು ಶಾಲೆಗೆ ಬಿಡುವುದನ್ನು, ಔಷಧಿ ತರುವುದನ್ನು ಮುಂದೂಡಲಾಗದು. ಆದ್ದರಿಂದ ಒಂದು ಹಾದಿಯನ್ನು ವಿಹಾರದ ಪಟ್ಟಿಗೆ ಸೇರಿಸಿಬಿಟ್ಟರೆ ಅದರ ಮೇಲೆ ಕೆಲಸಕ್ಕೆ ಹೋಗುವವರು ಆಡಳಿತದ ಕಣ್ಣಿಗೆ ಕಾಣದವರಾಗುತ್ತಾರೆ. ಮೇರಿಲ್ಯಾಂಡಿನ ಆ ಹಾದಿಯ ಕಥೆ ಈ ಮಾತಿಗೆ ಒಳ್ಳೆಯ ನಿದರ್ಶನ. ಅದು ಸರಳವಾದ ಕಥೆಯಲ್ಲ ಎಂಬ ಕಾರಣಕ್ಕೇ ಪ್ರಗತಿಪರರು ಅದನ್ನು ವಿವರವಾಗಿ ನೋಡಬೇಕಾಗಿದೆ.

ಆ ಹಾದಿಯ ಜಾಗದಲ್ಲಿ ಮೊದಲಿದ್ದದ್ದು ಸರಕು ಸಾಗಿಸುವ ರೈಲು. ಬಾಲ್ಟಿಮೋರ್ ಆ್ಯಂಡ್ ಒಹಾಯೊ ಕಂಪನಿಯ ಜಾರ್ಜ್‌ಟೌನ್ ಕವಲುಮಾರ್ಗ 1910ರ ಹೊತ್ತಿಗೆ ಪೂರ್ಣಗೊಂಡು, 1980ರ ದಶಕದ ನಡುವೆ ನಿಂತುಹೋಯಿತು. ರೈಲು ನಿಂತ ಜಾಗ ಚೂರುಚೂರಾಗಿ ಮಾರಾಟವಾಗದಂತೆ ಕಾಪಾಡಿ, ಮುಂದೆಂದಾದರೂ ರೈಲು ಮರಳಿ ಬರುವ ತನಕ ಅದನ್ನು ಹಾದಿಯಾಗಿ ಬಳಸಲು ಅವಕಾಶ ಕೊಡುವ ಕಾನೂನನ್ನು ಅಮೆರಿಕದ ಸಂಸತ್ತು 1983ರಲ್ಲಿ ಮಾಡಿತ್ತು. ಅದರ ಅಡಿಯಲ್ಲಿ ಮಾಂಟ್ಗೊಮರಿ ಕೌಂಟಿ ತನ್ನ ಗಡಿಯೊಳಗಿನ ಭಾಗವನ್ನು 1988ರಲ್ಲಿ ಕೊಂಡುಕೊಂಡಿತು. ಜಾರ್ಜ್‌ಟೌನಿನಿಂದ ಬೆಥೆಸ್ಡಾದವರೆಗಿನ ಭಾಗಕ್ಕೆ ಡಾಂಬರು ಬಿತ್ತು. ಬೆಥೆಸ್ಡಾದಿಂದ ಪೂರ್ವಕ್ಕೆ, ಸಿಲ್ವರ್ ಸ್ಪ್ರಿಂಗ್ ಕಡೆಗಿನ ಮೂರು ಮೈಲಿಗಿಂತ ತುಸು ಹೆಚ್ಚಿನ ಭಾಗ ಜಲ್ಲಿಪುಡಿಯ ಹಾದಿಯಾಗಿಯೇ ಉಳಿಯಿತು. ಅದರ ಅಧಿಕೃತ ಹೆಸರಿನಲ್ಲೇ ‘ಮಧ್ಯಂತರ’ ಎಂಬ ಪದವಿತ್ತು. ಎಂದಾದರೊಂದು ದಿನ ಇಲ್ಲಿ ರೈಲು ಬರುತ್ತದೆ ಎಂಬುದು ಮೊದಲಿನಿಂದಲೂ ಎಲ್ಲರಿಗೂ ತಿಳಿದಿದ್ದ ಸಂಗತಿ. ಹಾಗಿದ್ದಮೇಲೆ, ರೈಲು ಬಂದ ದಿನ ನಡೆಯುವವರು ಎಲ್ಲಿ ನಡೆಯಬೇಕೆಂದು ಯೋಚಿಸಲು ಆಡಳಿತಕ್ಕೆ ಸುಮಾರು ಮೂವತ್ತು ವರ್ಷಗಳ ಕಾಲಾವಕಾಶವಿತ್ತು.

ಬಂದದ್ದು ಬೇಡದ ರೈಲಲ್ಲ. 16 ಮೈಲಿ ಉದ್ದದ, 21 ನಿಲ್ದಾಣಗಳ ಪರ್ಪಲ್ ಲೈನ್, ಬೆಥೆಸ್ಡಾದಂಥ ಸಿರಿವಂತ ಉದ್ಯೋಗಕೇಂದ್ರವನ್ನು ಲ್ಯಾಂಗ್ಲಿ ಪಾರ್ಕಿನಂಥ ವಲಸಿಗರ ನೆಲೆಗೂ, ಕಾಲೇಜ್ ಪಾರ್ಕಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೂ, ಪೂರ್ವದ ನ್ಯೂ ಕ್ಯಾರಲ್ಟನ್‌ಗೂ ಜೋಡಿಸುತ್ತದೆ. ಹೋಟೆಲುಗಳಲ್ಲಿ, ಆಸ್ಪತ್ರೆಗಳಲ್ಲಿ, ಕಟ್ಟಡಗಳ ಶುಚಿಕಾರ್ಯದಲ್ಲಿ ದುಡಿಯುವ ಜನ ಎರಡು ಬಸ್ಸು ಬದಲಿಸಿ ತಲುಪುವ ಜಾಗಕ್ಕೆ ಒಂದೇ ರೈಲಿನಲ್ಲಿ ತಲುಪಬಹುದಾದ ಯೋಜನೆ ಇದು. ಇದಕ್ಕೆ ದಶಕಗಳ ಕಾಲ ಬಂದ ವಿರೋಧದ ಒಂದು ದೊಡ್ಡ ಪಾಲು ಹಾದಿಯ ಪಶ್ಚಿಮ ತುದಿಯ ಅನುಕೂಲಸ್ಥ ಬಡಾವಣೆಗಳದ್ದು. ಒಂದು ಗಾಲ್ಫ್ ಕ್ಲಬ್ಬಿನ ಮೈದಾನದ ನಡುವೆಯೇ ಈ ಮಾರ್ಗ ಹಾದುಹೋಗುತ್ತಿತ್ತು ಎಂಬುದನ್ನು ನೆನೆದರೆ ವಿರೋಧದ ಸ್ವರೂಪ ಅರ್ಥವಾಗುತ್ತದೆ. ಮರಗಳನ್ನೂ ಹಾದಿಯನ್ನೂ ಉಳಿಸಬೇಕೆಂಬ ಮೊಕದ್ದಮೆ ನ್ಯಾಯಾಲಯ ಏರಿತು. 2016ರ ಆಗಸ್ಟಿನಲ್ಲಿ ಕೆಳಗಿನ ನ್ಯಾಯಾಲಯ ಯೋಜನೆಯ ಅನುಮೋದನೆಯನ್ನು ರದ್ದು ಮಾಡಿತು, 2017ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಮರಳಿ ಊರ್ಜಿತಗೊಳಿಸಿತು. ಆಗಸ್ಟ್ ಕೊನೆಯಲ್ಲಿ ಕಾಮಗಾರಿಗೆ ಚಾಲನೆ ದೊರೆಯಿತು. ಅದಾದ ಕೆಲವೇ ದಿನಗಳಲ್ಲಿ ಬೇಲಿ ಎದ್ದಿತು.

ಈ ಅವಸರದಲ್ಲಿ ಒಂದು ವಿಚಿತ್ರ ಸಂಭವಿಸಿತು. ಹಾದಿಯ ಪರ ಮಾತನಾಡುವುದು ಎಂದರೆ ರೈಲಿನ ವಿರುದ್ಧ ಮಾತನಾಡುವುದು ಎಂಬ ಭಾವನೆ ಬೇರೂರಿತು. ರೈಲು ಬೇಕೆನ್ನುವ ಪ್ರಗತಿಪರರು ಹಾದಿಯ ವಿಷಯದಲ್ಲಿ ಬಾಯಿಬಿಡಲು ಹಿಂಜರಿದರು. ಬಾಯಿಬಿಟ್ಟರೆ ಗಾಲ್ಫ್ ಕ್ಲಬ್ಬಿನವರ ಸಾಲಿಗೆ ಸೇರಿಸಲ್ಪಡುವ ಭಯ. ಸಾರ್ವಜನಿಕ ರೈಲು ಮತ್ತು ಸಾರ್ವಜನಿಕ ಹಾದಿ ಒಂದೇ ತಾಯಿಯ ಮಕ್ಕಳು. ಎರಡೂ ಕಾರಿಲ್ಲದವರ ಸ್ವತ್ತು. ಒಂದನ್ನು ಕಟ್ಟುವಾಗ ಇನ್ನೊಂದಕ್ಕೆ ಬದಲಿ ಕೇಳುವುದು ರೈಲಿಗೆ ಅಡ್ಡಗಾಲು ಹಾಕಿದಂತಾಗದು. ಬದಲಿಯನ್ನು ಗಟ್ಟಿಯಾಗಿ ಕೇಳುವವರು ಇಲ್ಲದೆ ಹೋದದ್ದರಿಂದಲೇ ಆಡಳಿತ ಕಣ್ಣೊರೆಸುವ ಮಟ್ಟದ ವ್ಯವಸ್ಥೆಯಲ್ಲಿ ಪಾರಾಯಿತು.

ವ್ಯವಸ್ಥೆ ಏನಿತ್ತು? ಬೀದಿಗಳ ಮೇಲೆ ಒಂದು ಬಳಸುದಾರಿಯನ್ನು ಗುರುತಿಸಿ ಫಲಕಗಳನ್ನು ನೆಡಲಾಯಿತು. ನಕ್ಷೆಯ ಮೇಲೆ ನೋಡಿದರೆ ಅದು ಬದಲಿಯಂತೆಯೇ ಕಾಣುತ್ತದೆ. ಆದರೆ ರೈಲುಹಳಿಯ ಮೇಲೆ ಹುಟ್ಟಿದ ಹಾದಿಗೆ ನಕ್ಷೆ ತೋರಿಸದ ಒಂದು ಗುಣವಿರುತ್ತದೆ. ರೈಲು ಕಡಿದಾದ ಏರನ್ನು ಹತ್ತಲಾರದು. ಅದಕ್ಕಾಗಿ ಹಳಿ ಹಾಸಿದವರು ದಿಬ್ಬಗಳನ್ನು ಕಡಿದು, ತಗ್ಗುಗಳನ್ನು ತುಂಬಿ, ಕಣಿವೆಗಳಿಗೆ ಸೇತುವೆ ಕಟ್ಟಿ ನೆಲವನ್ನು ಹದಕ್ಕೆ ತಂದಿರುತ್ತಾರೆ. ಬೆಥೆಸ್ಡಾ ಮತ್ತು ಸಿಲ್ವರ್ ಸ್ಪ್ರಿಂಗ್ ನಡುವೆ ರಾಕ್ ಕ್ರೀಕ್ ಎಂಬ ತೊರೆಯ ಕಣಿವೆಯಿದೆ. ಹಳೆಯ ರೈಲುಸೇತುವೆಯನ್ನು ದುರಸ್ತಿಗೊಳಿಸಿ 2003ರಲ್ಲಿ ಹಾದಿಗೆ ಸೇರಿಸಿದ ಮೇಲೆ ಎಪ್ಪತ್ತರ ಅಜ್ಜಿಯೂ ಏಳರ ಮೊಮ್ಮಗನೂ ಏದುಸಿರಿಲ್ಲದೆ ಆ ಕಣಿವೆಯನ್ನು ದಾಟಬಹುದಾಗಿತ್ತು. ಬೀದಿಯ ಬಳಸುದಾರಿಯಲ್ಲಿ ಕಣಿವೆಗೆ ಇಳಿದು ಮತ್ತೆ ಹತ್ತಬೇಕು. ಜೊತೆಗೆ ಕಾರುಗಳು. ಗಟ್ಟಿ ಮೈಯ, ಅಭ್ಯಾಸವಿರುವ ಸೈಕಲ್ ಸವಾರನಿಗೆ ಅದು ಹತ್ತು ನಿಮಿಷದ ಹೆಚ್ಚುವರಿ ಬೆವರು. ಗಾಲಿಕುರ್ಚಿಯವರಿಗೆ, ಮಗುವಿನ ತಳ್ಳುಗಾಡಿ ಹಿಡಿದವರಿಗೆ, ಆಗಷ್ಟೇ ಸೈಕಲ್ ಕಲಿತವರಿಗೆ ಅದು ದಾರಿಯೇ ಅಲ್ಲ. ಅವರು ದೂರು ಕೊಡುವುದಿಲ್ಲ. ಸುಮ್ಮನೆ ಮನೆಯಲ್ಲಿ ಉಳಿಯುತ್ತಾರೆ. ಬಳಸುದಾರಿಯಲ್ಲಿ ಎಷ್ಟು ಜನ ಹೋದರು ಎಂದು ಎಣಿಸುವ ಇಲಾಖೆ, ಹೋಗುವುದನ್ನೇ ಬಿಟ್ಟವರನ್ನು ಎಣಿಸುವುದಿಲ್ಲ.

ಗುತ್ತಿಗೆಯ ಕಥೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಪರ್ಪಲ್ ಲೈನ್ ಖಾಸಗಿ ಸಹಭಾಗಿತ್ವದ ಯೋಜನೆ. ವೆಚ್ಚ ಮತ್ತು ವಿಳಂಬದ ಜಗಳದಲ್ಲಿ 2020ರಲ್ಲಿ ನಿರ್ಮಾಣದ ಗುತ್ತಿಗೆದಾರರು ಕೆಲಸ ಬಿಟ್ಟು ಹೊರನಡೆದರು. ಹೊಸ ಗುತ್ತಿಗೆದಾರರು ಬಂದು ಕೆಲಸ ಪೂರ್ಣಪ್ರಮಾಣದಲ್ಲಿ ಮತ್ತೆ ಆರಂಭವಾದದ್ದು 2022ರಲ್ಲಿ. ನಡುವಿನ ಸುಮಾರು ಎರಡು ವರ್ಷ ಮಾರ್ಗದ ಬಹುಭಾಗದಲ್ಲಿ ಯಂತ್ರಗಳು ಸದ್ದು ಮಾಡಲಿಲ್ಲ, ಆದರೂ ಬೇಲಿ ಮಾತ್ರ ನಿಂತೇ ಇತ್ತು. ಗಡುವು ತಪ್ಪಿದಾಗ ಗುತ್ತಿಗೆದಾರನಿಗೆ ಎಷ್ಟು ನಷ್ಟ, ಸರ್ಕಾರಕ್ಕೆ ಎಷ್ಟು ನಷ್ಟ ಎಂದು ಡಾಲರುಗಳಲ್ಲಿ ಲೆಕ್ಕ ಹಾಕುವ ವಕೀಲರಿದ್ದರು. ಹಾದಿ ಕಳೆದುಕೊಂಡವರ ನಷ್ಟಕ್ಕೆ ಯಾವ ಕಾಲಮ್ಮಿನಲ್ಲೂ ಜಾಗವಿರಲಿಲ್ಲ. ಬದಲಿ ಹಾದಿಯ ಹೊಣೆಯನ್ನು ಗುತ್ತಿಗೆಯೊಳಗೇ ಬರೆದು, ವಿಳಂಬವಾದ ಪ್ರತಿ ತಿಂಗಳಿಗೂ ಬೆಲೆ ಕಟ್ಟಿದ್ದರೆ ಈ ಮೌನ ಇಷ್ಟು ಸಲೀಸಾಗಿರುತ್ತಿರಲಿಲ್ಲ.

ಈ ಹಾದಿಯ ಪೂರ್ವ ತುದಿಯಲ್ಲಿ ಲಿಟ್ಟನ್ಸ್‌ವಿಲ್ ಎಂಬ ಬಡಾವಣೆಯಿದೆ. ಸ್ವತಂತ್ರ ಕಪ್ಪು ಮನುಷ್ಯ ಸ್ಯಾಮ್ಯುಯೆಲ್ ಲಿಟ್ಟನ್ 1853ರಲ್ಲಿ ಕೊಂಡ ನೆಲದಿಂದ ಬೆಳೆದ ಊರು ಅದು; ಅಂದರೆ ಗುಲಾಮಗಿರಿ ರದ್ದಾಗುವುದಕ್ಕೂ ಹತ್ತಕ್ಕೂ ಹೆಚ್ಚು ವರ್ಷ ಮೊದಲಿನದು. ಇಪ್ಪತ್ತನೆಯ ಶತಮಾನದ ಬಹುಕಾಲ ಈ ಬಡಾವಣೆಗೆ ಡಾಂಬರು ರಸ್ತೆ, ಒಳಚರಂಡಿಗಳಂಥ ಸೌಲಭ್ಯಗಳನ್ನು ಕೊಡದೆ ಸತಾಯಿಸಲಾಯಿತು. ರೈಲುಹಳಿಗಳ ಆಚೆಗೆ ಬಿಳಿಯರ ಸಿಲ್ವರ್ ಸ್ಪ್ರಿಂಗ್, ಈಚೆಗೆ ಕಪ್ಪುಜನರ ಲಿಟ್ಟನ್ಸ್‌ವಿಲ್. ಎರಡನ್ನೂ ಜೋಡಿಸಿದ್ದು 1918ರಲ್ಲಿ ಕಟ್ಟಿದ, ಒಂದೇ ವಾಹನ ಹೋಗುವಷ್ಟು ಅಗಲದ, ಮರದ ಹಲಗೆ ಹಾಸಿದ ಟಾಲ್ಬಟ್ ಅವೆನ್ಯೂ ಸೇತುವೆ. ಕೆಲಸಕ್ಕೆ, ಅಂಗಡಿಗೆ, ಬಸ್ಸಿಗೆ ಹೋಗಲು ಅಲ್ಲಿನವರಿಗೆ ಇದ್ದ ಕಾಲುದಾರಿ ಅದೇ. ಅಲ್ಲಿನ ಹಿರಿಯರು ಅದನ್ನು ತಮ್ಮ ಜೀವನಾಡಿ ಎಂದೇ ಕರೆಯುತ್ತ ಬಂದರು. 2018ರಲ್ಲಿ ಅದರ ನೂರನೆಯ ವರ್ಷವನ್ನು ಸೇತುವೆಯ ಎರಡೂ ಬದಿಯ ಜನ ಒಟ್ಟಾಗಿ ಆಚರಿಸಿದರು. ಮರುವರ್ಷ ರೈಲುಮಾರ್ಗದ ಕಾಮಗಾರಿಗಾಗಿ ಅದನ್ನು ಕೆಡವಲಾಯಿತು. ಅಲ್ಲಿ ಈಗ ಹೊಸ ಸೇತುವೆ ಎದ್ದಿದೆ. ಹಳೆಯದರ ಕಬ್ಬಿಣದ ತೊಲೆಗಳನ್ನು ನೆನಪಿಗಾಗಿ ಉಳಿಸಿಕೊಳ್ಳಲಾಗಿದೆ. ನೆನಪು ಉಳಿಸುವ ಈ ಸೌಜನ್ಯ ಮೆಚ್ಚತಕ್ಕದ್ದೇ. ಆದರೆ ಒಂದು ಸೇತುವೆ ಬಿದ್ದು ಇನ್ನೊಂದು ಏಳುವ ನಡುವಣ ಕಾಲವನ್ನು ಯಾರು ಕಾಲ್ನಡಿಗೆಯಲ್ಲಿ ಸುತ್ತಿ ಕಳೆದರು ಎಂಬುದನ್ನು ಯಾವ ಸ್ಮಾರಕವೂ ಹೇಳುವುದಿಲ್ಲ. ಇನ್ನೂ ಒಂದು ಸಂಗತಿ ಗಮನಾರ್ಹ: ಬೆಥೆಸ್ಡಾದಿಂದ ಜಾರ್ಜ್‌ಟೌನ್ ಕಡೆಗಿನ ಡಾಂಬರು ಹಾದಿ ಈ ವರ್ಷಗಳಲ್ಲಿ ಬಳಕೆಯಲ್ಲೇ ಇತ್ತು. ಬೇಲಿ ಬಿದ್ದದ್ದು ಪೂರ್ವಕ್ಕೆ.

ಹಾದಿ ಮುಚ್ಚುವುದಕ್ಕೆ ರೈಲೇ ಬೇಕೆಂದಿಲ್ಲ, ಆಟವೂ ಸಾಕು. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಸ್ಯಾನ್ ಟೋಮಸ್ ಅಕ್ವೀನೊ ತೊರೆಯ ಮಗ್ಗುಲಲ್ಲಿ ಒಂದು ಹಾದಿಯಿದೆ. ಉತ್ತರಕ್ಕೆ ಹೋದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಸಾಗುವ ಬೇ ಟ್ರೇಲನ್ನು ಅದು ಕೂಡುತ್ತದೆ. ಸಾಂಟಾ ಕ್ಲಾರಾ, ಸನಿವೇಲ್, ಕುಪರ್ಟಿನೊಗಳಲ್ಲಿ ಕನ್ನಡ ಮಾತು ಕಿವಿಗೆ ಬೀಳದ ಬೀದಿ ಕಡಿಮೆ. ತಂತ್ರಜ್ಞಾನ ಕಂಪನಿಗಳ ಅಂಗಳಕ್ಕೆ ಸೈಕಲ್ಲಿನಲ್ಲಿ ಹೋಗುವವರಿಗೆ ಈ ಹಾದಿ ಚಿರಪರಿಚಿತ. 2014ರಲ್ಲಿ ಅದರ ಪಕ್ಕದಲ್ಲೇ ಲೀವೈಸ್ ಕ್ರೀಡಾಂಗಣ ತೆರೆಯಿತು. ಅಂದಿನಿಂದ ದೊಡ್ಡ ಆಟವಿದ್ದ ದಿನ, ದೊಡ್ಡ ಗಾಯನ ಕಾರ್ಯಕ್ರಮವಿದ್ದ ದಿನ ಕ್ರೀಡಾಂಗಣದ ಬಳಿಯ ಹಾದಿಯ ತುಂಡು ಮುಚ್ಚುತ್ತದೆ. 2016ರಲ್ಲಿ ಸೂಪರ್ ಬೌಲ್ ಅಲ್ಲೇ ನಡೆಯಿತು. 2026ರ ಸೂಪರ್ ಬೌಲಿಗೂ, ಅದೇ ವರ್ಷದ ವಿಶ್ವಕಪ್ ಫುಟ್‌ಬಾಲಿನ ಕೆಲವು ಪಂದ್ಯಗಳಿಗೂ ಅದೇ ತಾಣ. ಭದ್ರತೆಯ ಕಾರಣವನ್ನು ಅಲ್ಲಗಳೆಯಲಾಗದು. ಆದರೆ ಟಿಕೆಟು ಮಾರಿ ಲಾಭ ಗಳಿಸುವ ಸಂಜೆಗಾಗಿ ಸಾರ್ವಜನಿಕರ ಹಾದಿಯನ್ನು ಪಡೆದುಕೊಳ್ಳುವುದಾದರೆ, ಆ ಸಂಜೆಯ ಆದಾಯದ ಒಂದು ಪಾಲು ಶಾಶ್ವತವಾದ ಬದಲಿ ಹಾದಿಗೆ ಸಲ್ಲಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಈ ಎರಡೂ ಕಡೆ ಕಾನೂನಿನ ಬಲ ಪೂರ್ತಿ ಇಲ್ಲವೆಂದೇನಲ್ಲ. ಅಮೆರಿಕದ ಹೆದ್ದಾರಿ ಕಾನೂನಿನ 109ನೆಯ ಪರಿಚ್ಛೇದದಲ್ಲಿ ಒಂದು ಸಣ್ಣ ಉಪವಿಧಿಯಿದೆ. ಮೋಟಾರಿಲ್ಲದ ಸಂಚಾರದ ಮುಖ್ಯ ಮಾರ್ಗವೊಂದನ್ನು ಕಡಿದುಹಾಕುವ ಯೋಜನೆಗೆ ಕೇಂದ್ರ ಸಾರಿಗೆ ಕಾರ್ಯದರ್ಶಿ ಒಪ್ಪಿಗೆ ಕೊಡಕೂಡದು. ಕೊಡಬೇಕಾದರೆ ಸಮಂಜಸವಾದ ಬದಲಿ ಮಾರ್ಗ ಒದಗಿಸಿರಬೇಕು ಅಥವಾ ಅದು ಮೊದಲೇ ಇರಬೇಕು ಎಂಬುದು ಅದರ ತಾತ್ಪರ್ಯ. ಅಂಗವಿಕಲರ ಹಕ್ಕುಗಳ 1990ರ ಕಾಯಿದೆಯ ಮುಂದುವರಿಕೆಯಾಗಿ 2023ರ ಆಗಸ್ಟಿನಲ್ಲಿ ಪ್ರಕಟವಾದ ಪಾದಚಾರಿ ಮಾರ್ಗಗಳ ಮಾರ್ಗಸೂಚಿ, ಕಾಮಗಾರಿಗಾಗಿ ತಾತ್ಕಾಲಿಕವಾಗಿ ಮುಚ್ಚಿದ ನಡೆದಾರಿಗೂ ಗಾಲಿಕುರ್ಚಿ ಹೋಗಬಲ್ಲ ಬದಲಿ ದಾರಿ ಇರಬೇಕೆನ್ನುತ್ತದೆ. ವಾಷಿಂಗ್ಟನ್ ನಗರ 2013ರಲ್ಲೇ ಕಾನೂನು ಮಾಡಿ, ಕಾಲುದಾರಿಯನ್ನೋ ಸೈಕಲ್ ಪಥವನ್ನೋ ಅಡ್ಡಗಟ್ಟುವವರೇ ಅಲ್ಲಿ ಸುರಕ್ಷಿತ ವ್ಯವಸ್ಥೆ ಮಾಡಿಕೊಡಬೇಕೆಂದು ವಿಧಿಸಿತು. ಮುಚ್ಚಿಹೋದ ಆ ಹಾದಿಯ ದಕ್ಷಿಣ ತುದಿ ಇರುವುದು ಅದೇ ನಗರದಲ್ಲಿ ಎಂಬುದನ್ನು ಗಮನಿಸಬೇಕು.

ಹಾಗಾದರೆ ಕೊರತೆ ಎಲ್ಲಿ? ಹೆದ್ದಾರಿ ಕಾನೂನಿನ ಆ ವಿಧಿ ತನ್ನ ವ್ಯಾಪ್ತಿಯ ಯೋಜನೆಗಳಿಗೆ ಮಾತ್ರ ಅನ್ವಯಿಸುತ್ತದೆ. ‘ಮುಖ್ಯ ಮಾರ್ಗ’ ಯಾವುದು, ‘ಸಮಂಜಸ’ ಎಂದರೆ ಎಷ್ಟು ಎಂಬುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. 2023ರ ಮಾರ್ಗಸೂಚಿ ನ್ಯಾಯ ಇಲಾಖೆ ಅದನ್ನು ನಿಯಮವಾಗಿ ಅಂಗೀಕರಿಸುವವರೆಗೆ ಎಲ್ಲೆಡೆ ಕಡ್ಡಾಯವಾಗದು. ನಗರದ ಕಾನೂನು ನಗರದ ಗಡಿಯಲ್ಲಿ ನಿಲ್ಲುತ್ತದೆ. ಹೀಗೆ ತತ್ತ್ವದಲ್ಲಿ ಒಪ್ಪಿತವಾದ ಹಕ್ಕು ಆಚರಣೆಯಲ್ಲಿ ಔದಾರ್ಯವಾಗಿ ಇಳಿಯುತ್ತದೆ. ಹಕ್ಕು ಕೇಳಿ ಪಡೆಯುವಂಥದ್ದು, ಔದಾರ್ಯ ಕಾದು ಕೂರುವಂಥದ್ದು.

ಕಾದು ಕೂರುವುದರ ಬೆಲೆಯನ್ನು ಕೆಲವೊಮ್ಮೆ ಜೀವದಲ್ಲಿ ತೆರಬೇಕಾಗುತ್ತದೆ. ಅಮೆರಿಕದ ರಸ್ತೆಗಳಲ್ಲಿ 2009ರಲ್ಲಿ ನಾಲ್ಕು ಸಾವಿರದಷ್ಟು ಪಾದಚಾರಿಗಳು ಸತ್ತಿದ್ದರೆ, 2022ರಲ್ಲಿ ಆ ಸಂಖ್ಯೆ 7,500 ದಾಟಿತು. ಅದೇ ವರ್ಷ ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರು ಮಡಿದರು. ಕಾರುಗಳಿಂದ ಬೇರ್ಪಟ್ಟ ಹಾದಿಯನ್ನು ಮುಚ್ಚಿ, ಅಲ್ಲಿದ್ದವರನ್ನು ಕಾರುಗಳ ನಡುವೆ ಇಳಿಸುವುದು ಇಂಥ ದೇಶದಲ್ಲಿ ನಿರುಪದ್ರವಿ ನಿರ್ಧಾರವಲ್ಲ.

ಬದಲಿ ಒದಗಿಸುವುದು ತಾಂತ್ರಿಕವಾಗಿ ಅಸಾಧ್ಯ ಎನ್ನುವವರು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನತ್ತ ನೋಡಬಹುದು. ವಿಲಾಮೆಟ್ ನದಿಯ ಮೇಲಿನ 1925ರ ಸೆಲ್ವುಡ್ ಸೇತುವೆ ಶಿಥಿಲವಾದಾಗ ಅದೇ ಜಾಗದಲ್ಲಿ ಹೊಸದನ್ನು ಕಟ್ಟಬೇಕಾಯಿತು. ಸಂಚಾರ ವರ್ಷಗಟ್ಟಲೆ ನಿಲ್ಲಬಾರದೆಂದು, ಸುಮಾರು 1,100 ಅಡಿ ಉದ್ದದ ಹಳೆಯ ಉಕ್ಕಿನ ಸೇತುವೆಯನ್ನೇ 2013ರ ಜನವರಿಯ ಒಂದು ದಿನ ಇಡಿಯಾಗಿ ಪಕ್ಕಕ್ಕೆ ಸರಿಸಿ ತಾತ್ಕಾಲಿಕ ಕಂಬಗಳ ಮೇಲೆ ಕೂರಿಸಲಾಯಿತು. ಹೊಸ ಸೇತುವೆ ಏಳುವ ತನಕ ಕಾರುಗಳೂ ಪಾದಚಾರಿಗಳೂ ಅದರ ಮೇಲೆಯೇ ನದಿ ದಾಟಿದರು. ಕಾರುಗಳೂ ಓಡಬೇಕಾದ ಜಾಗದಲ್ಲಿ ಸೇತುವೆಯನ್ನೇ ಸರಿಸುವಷ್ಟು ಕಲ್ಪನಾಶಕ್ತಿ ಎಂಜಿನಿಯರಿಂಗಿಗೆ ಇದೆ. ಬರಿಯ ಪಾದಚಾರಿಗಳ ಪ್ರಶ್ನೆ ಬಂದಾಗಲೂ ಅದರ ಹತ್ತನೆಯ ಒಂದು ಪಾಲು ಕಲ್ಪನಾಶಕ್ತಿ ಖರ್ಚಾದರೆ ಸಾಕು.

ಆದ್ದರಿಂದ ಕೇಳಬೇಕಾದ್ದನ್ನು ಸ್ಪಷ್ಟವಾಗಿ ಕೇಳಬೇಕು. ಮೊದಲನೆಯದಾಗಿ, ಬದಲಿ ಹಾದಿ ತೆರೆದ ಮೇಲೆಯೇ ಹಳೆಯ ಹಾದಿ ಮುಚ್ಚಬೇಕು. ಬೇಲಿ ಮೊದಲು, ಯೋಚನೆ ಆಮೇಲೆ ಎಂಬ ಕ್ರಮ ತಿರುಗಬೇಕು. ಎರಡನೆಯದಾಗಿ, ಆ ಬದಲಿಯನ್ನು ಅತ್ಯಂತ ದುರ್ಬಲ ಬಳಕೆದಾರನ ಅಳತೆಯಲ್ಲಿ ಅಳೆಯಬೇಕು. ಎಂಟು ವರ್ಷದ ಮಗು ಸೈಕಲ್ಲಿನಲ್ಲಿ, ಎಂಬತ್ತರ ಹಿರಿಯರು ಕೋಲೂರಿಕೊಂಡು, ಗಾಲಿಕುರ್ಚಿಯವರು ತಾವಾಗಿಯೇ ಹೋಗಲಾಗದ ದಾರಿಗೆ ಬದಲಿ ಎಂಬ ಹೆಸರು ಸಲ್ಲದು. ಮೂರನೆಯದಾಗಿ, ಜಾಗ ಸಾಲದಿದ್ದರೆ ಅದನ್ನು ಕಾರು ನಿಲ್ಲಿಸುವ ಅಂಚಿನಿಂದ, ಆಮೇಲೂ ಸಾಲದಿದ್ದರೆ ಕಾರಿನ ಪಥದಿಂದ ತೆಗೆದುಕೊಳ್ಳಬೇಕು. ಸಿಮೆಂಟಿನ ತಡೆಗಳನ್ನಿಟ್ಟು ಒಂದು ಪಥವನ್ನು ನಡೆಯುವವರಿಗೆ ಬಿಡಲು ಶತಕೋಟಿ ಡಾಲರು ಬೇಕಿಲ್ಲ. ನಾಲ್ಕನೆಯದಾಗಿ, ಮುಚ್ಚುವ ಆದೇಶಕ್ಕೆ ಕೊನೆಯ ದಿನಾಂಕ ಇರಬೇಕು, ಅದು ತಪ್ಪಿದರೆ ದಂಡ ಇರಬೇಕು, ಕೆಲಸ ನಿಂತ ಕಾಲದಲ್ಲಿ ಸಾಧ್ಯವಿರುವ ತುಂಡುಗಳನ್ನು ತೆರೆದುಕೊಡಬೇಕು. ಐದನೆಯದಾಗಿ, ಒಂದೇ ಹಾದಿಯ ಮೇಲೆ ಇಡೀ ಪ್ರದೇಶ ಅವಲಂಬಿಸುವ ಸ್ಥಿತಿಯೇ ಹೋಗಬೇಕು. ಒಂದು ಹೆದ್ದಾರಿ ಮುಚ್ಚಿದರೆ ಕಾರುಗಳಿಗೆ ಹತ್ತು ರಸ್ತೆಗಳಿವೆ. ಒಂದು ಟ್ರೇಲ್ ಮುಚ್ಚಿದರೆ ನಡೆಯುವವರಿಗೆ ಎರಡನೆಯದಿಲ್ಲ. ಬಲೆಯ ಒಂದು ಎಳೆ ಕಡಿದರೆ ಬಲೆ ಉಳಿಯುತ್ತದೆ. ಒಂಟಿ ದಾರ ಕಡಿದರೆ ಏನೂ ಉಳಿಯದು.

ಇದಕ್ಕೆ ಬರುವ ಆಕ್ಷೇಪ ಗೊತ್ತಿರುವಂಥದ್ದೇ: ನಡೆಯುವವರು ಎಷ್ಟು ಮಂದಿ, ಅವರಿಗಾಗಿ ಇಷ್ಟು ಖರ್ಚೇಕೆ? ಅಮೆರಿಕದಲ್ಲಿ ನೂರಕ್ಕೆ ಎಂಟರಷ್ಟು ಮನೆಗಳಲ್ಲಿ ಕಾರೇ ಇಲ್ಲ. ಕಾರಿರುವ ಮನೆಗಳಲ್ಲೂ ಎಲ್ಲರೂ ಅದನ್ನು ಓಡಿಸುವುದಿಲ್ಲ. ಮಕ್ಕಳಿದ್ದಾರೆ, ಕಣ್ಣು ಮಂಜಾದ ಹಿರಿಯರಿದ್ದಾರೆ, ಒಂದೇ ಕಾರನ್ನು ಇಬ್ಬರು ಹಂಚಿಕೊಳ್ಳುವ ಸಂಸಾರಗಳಿವೆ. ಈ ಪಟ್ಟಿಯಲ್ಲಿ ಅನಿವಾಸಿ ಕನ್ನಡಿಗರ ಮನೆಗಳೂ ಇವೆ. ಆರು ತಿಂಗಳ ಮಟ್ಟಿಗೆ ಮಗನ ಮನೆಗೋ ಮಗಳ ಮನೆಗೋ ಬರುವ ಅಪ್ಪ ಅಮ್ಮಂದಿರ ದಿನಚರಿಯನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಅವರಿಗೆ ಉಳಿಯುವ ಏಕೈಕ ಸ್ವಾತಂತ್ರ್ಯ ಮನೆಯ ಹಿಂದಿನ ಟ್ರೇಲ್. ಯಾರನ್ನೂ ಕೇಳದೆ, ಯಾರ ಕಾರಿಗೂ ಕಾಯದೆ ಹೊರಡಬಹುದಾದ ಜಾಗ. ಎದುರಿಗೆ ಬಂದ ಸೀರೆಯನ್ನೋ ಮಂಕಿಕ್ಯಾಪನ್ನೋ ಕಂಡು ‘ನೀವು ಯಾವ ಕಡೆಯವರು?’ ಎಂದು ಮಾತು ತೆಗೆಯಬಹುದಾದ ಜಾಗ. ಅವಲಂಬಿತರ ವೀಸಾದಲ್ಲಿ ಬಂದು, ವಾಹನ ಚಾಲನೆಯ ಪರವಾನಗಿಗಾಗಿ ಕಾಯುತ್ತಿರುವ ಹೆಣ್ಣುಮಕ್ಕಳಿಗೂ ಅದು ಹಾಗೆಯೇ. ಅಂಥ ಹಾದಿಗೆ ಬೇಲಿ ಬಿದ್ದರೆ ಅವರ ಲೋಕ ನಾಲ್ಕು ಗೋಡೆಗೆ ಇಳಿಯುತ್ತದೆ. ಅದು ಯಾವ ಸಮೀಕ್ಷೆಯಲ್ಲೂ ದಾಖಲಾಗುವುದಿಲ್ಲ.

ಆದರೂ ಹಾದಿಯ ಅಳಿವು ಉಳಿವು ನಿರ್ಧಾರವಾಗುವ ಸಭೆಗಳಲ್ಲಿ ಅನಿವಾಸಿ ಭಾರತೀಯರ ಮುಖ ಅಪರೂಪ. ಮತದಾನದ ಹಕ್ಕಿಲ್ಲದವರಿಗೆ ಮಾತಿನ ಹಕ್ಕೂ ಇಲ್ಲವೆಂಬ ತಪ್ಪು ತಿಳಿವಳಿಕೆ ಇದಕ್ಕೆ ಒಂದು ಕಾರಣ. ಕೌಂಟಿಯ ಯೋಜನಾ ಮಂಡಳಿಯ ಅಹವಾಲು ಸಭೆಯಲ್ಲಿ ಎರಡು ಮೂರು ನಿಮಿಷ ಮಾತನಾಡಲು, ಪರಿಸರ ವರದಿಯ ಕರಡಿಗೆ ಲಿಖಿತ ಅಭಿಪ್ರಾಯ ಸಲ್ಲಿಸಲು ಸಾಮಾನ್ಯವಾಗಿ ಯಾರೂ ಪೌರತ್ವದ ಪತ್ರ ಕೇಳುವುದಿಲ್ಲ. ವೀಸಾದ ಮೇಲಿರುವವರೂ ಆಸ್ತಿ ತೆರಿಗೆಯನ್ನು ನೇರವಾಗಿಯೋ ಬಾಡಿಗೆಯ ಮೂಲಕವೋ ತೆರುತ್ತಾರೆ. ಅವರೂ ಅಲ್ಲಿನ ನಿವಾಸಿಗಳೇ. ಇನ್ನೊಂದು ಕಾರಣ ಹೆಚ್ಚು ಮುಜುಗರದ್ದು. ಮೊದಲ ಕಾರು ಕೊಂಡ ದಿನ ನಡೆಯುವ ಲೋಕದಿಂದ ಬಡ್ತಿ ಸಿಕ್ಕಿತೆಂಬ ಭಾವನೆ ವಲಸಿಗ ಮಧ್ಯಮವರ್ಗದಲ್ಲಿ ಆಳವಾಗಿದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕಾಮಗಾರಿಗೆ ಫುಟ್‌ಪಾತು ಕಳೆದುಹೋದದ್ದನ್ನು ಕಂಡು ಮರುಗುವ ಮನಸ್ಸು, ತಾನು ವಾಸಿಸುವ ಊರಿನಲ್ಲಿ ಅದೇ ಅನ್ಯಾಯ ನಡೆದಾಗ ಕಾರಿನ ಕಿಟಕಿ ಏರಿಸಿಕೊಳ್ಳುತ್ತದೆ. ಕರ್ನಾಟಕದಲ್ಲಿ ನಡೆಯುವವರ, ಸೈಕಲ್ಲಿನವರ ಹಕ್ಕಿಗಾಗಿ ಒಂದು ಮಸೂದೆಯ ಕರಡನ್ನು ನಗರ ಭೂಸಾರಿಗೆ ನಿರ್ದೇಶನಾಲಯ 2021ರಲ್ಲಿ ರೂಪಿಸಿತ್ತು. ಅದನ್ನು ದೂರದಿಂದ ಬೆಂಬಲಿಸುವುದು ಒಳ್ಳೆಯದೇ. ಮನೆಯಿಂದ ಎರಡು ಮೈಲಿ ದೂರದ ಕೌಂಟಿ ಕಚೇರಿಯಲ್ಲಿ ಎದ್ದು ನಿಂತು ಅದೇ ಮಾತನ್ನು ಆಡಿದಾಗ ಆ ಬೆಂಬಲಕ್ಕೆ ತೂಕ ಬರುತ್ತದೆ.

ಮೇರಿಲ್ಯಾಂಡಿನ ಹೊಸ ಹಾದಿ ಇಂದಲ್ಲ ನಾಳೆ ಪೂರ್ತಿ ತೆರೆಯುತ್ತದೆ. ಹಳೆಯ ಹಾದಿ ಸಿಲ್ವರ್ ಸ್ಪ್ರಿಂಗ್ ಮೆಟ್ರೊ ನಿಲ್ದಾಣದಿಂದ ದೂರದಲ್ಲೇ ನಿಂತುಬಿಡುತ್ತಿತ್ತು. ಹೊಸದು ನಿಲ್ದಾಣದ ಬಾಗಿಲ ತನಕ ಹೋಗಬೇಕೆಂಬುದು ಯೋಜನೆ. ಅದು ಹಾಗೆಯೇ ಆದರೆ ಸಂತೋಷ. ಆ ದಿನ ರಿಬ್ಬನ್ ಕತ್ತರಿಸುವವರು ಭಾಷಣ ಮಾಡುತ್ತಾರೆ, ಹಾದಿ ಚೆನ್ನಾಗಿದೆಯೆಂದು ಎಲ್ಲರೂ ಹೊಗಳುತ್ತಾರೆ, ಕಾದ ವರ್ಷಗಳು ಮರೆತುಹೋಗುತ್ತವೆ. ಮರೆಯುವ ಮುನ್ನ ಆಗಬೇಕಾದ ಕೆಲಸವೊಂದಿದೆ. ಮುಂದಿನ ಸೇತುವೆ, ಮುಂದಿನ ಕೊಳವೆ, ಮುಂದಿನ ರೈಲಿನ ಗುತ್ತಿಗೆಗಳು ಈ ಹೊತ್ತಿಗೇ ಯಾವುದೋ ಕಚೇರಿಯಲ್ಲಿ ಕರಡಾಗುತ್ತಿರುತ್ತವೆ. ಬದಲಿ ಹಾದಿಯ ಷರತ್ತು ಆ ಕರಡಿನೊಳಗೆ ಸೇರಬೇಕು. ಬೇಲಿ ಬಿದ್ದ ಮೇಲೆ ಬರೆಯುವ ದೂರಿನಲ್ಲಿ ಅದನ್ನು ಸೇರಿಸಿ ಪ್ರಯೋಜನವಿಲ್ಲ. ಪ್ರತಿ ಕೌಂಟಿಯ ಸಭೆಯ ಕಾರ್ಯಸೂಚಿಯೂ ಸಾರ್ವಜನಿಕ ದಾಖಲೆ. ಅದನ್ನು ತೆರೆದು ಓದುವವರು ಬೇಕಾಗಿದ್ದಾರೆ.